ಎರಡು ಸೂಟ್‌ಕೇಸ್, ಒಂದು ರೈಲು: ವಿದೇಶಕ್ಕೆ ಓದಲು ಹೊರಟವರಿಗೆ ಕೆಲವು ಮಾತು

(ಕುರುಬರಹಳ್ಳಿಯಲ್ಲಿ ನಡೆದ ವಿದ್ಯಾರ್ಥಿಗಳ ಬೀಳ್ಕೊಡುಗೆ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮುಂಚೆ ಮಾತನಾಡಿದವರು ವಿದ್ಯಾರ್ಥಿವೇತನದ ಬಗ್ಗೆ, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ ವಿದೇಶ ವ್ಯಾಸಂಗಕ್ಕೆ ಸಿಗುವ ಸಾಲದ ಬಗ್ಗೆ, ವೀಸಾ ಬಗ್ಗೆ ವಿವರವಾಗಿ ಹೇಳಿದರು. ಅವೆಲ್ಲ ದೊಡ್ಡ ವಿಷಯಗಳು. ನನ್ನ ಪಾಲಿಗೆ ಬಂದಿರುವುದು ಸಣ್ಣ ವಿಷಯ: ವಿಮಾನ ಇಳಿದ ಊರಿನಿಂದ ಓದುವ ಊರಿಗೆ, ಎರಡು ಭಾರದ ಸೂಟ್‌ಕೇಸ್ ಹಿಡಿದುಕೊಂಡು, ರೈಲಿನಲ್ಲಿ ಹೋಗಬೇಕೋ ಬಸ್ಸಿನಲ್ಲಿ ಹೋಗಬೇಕೋ ಎಂಬುದು. ಇದಕ್ಕೂ ಒಂದು ಭಾಷಣ ಬೇಕೆ ಎಂದು ನಿಮಗೆ ಅನ್ನಿಸಬಹುದು. ಬೇಕು. ಏಕೆಂದು ಹೇಳುತ್ತೇನೆ.

ಹೋದ ತಿಂಗಳು ನಮ್ಮ ಬಡಾವಣೆಯ ಒಬ್ಬ ತಂದೆ ನನ್ನ ಬಳಿ ಬಂದಿದ್ದರು. ಮಗಳಿಗೆ ಜರ್ಮನಿಯ ಆಖೆನ್ ನಗರದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಹಣದ ವ್ಯವಸ್ಥೆಯೂ ಹೇಗೋ ಆಗಿದೆ. ಆದರೂ ಅವರ ಮನಸ್ಸು ಒಪ್ಪುತ್ತಿಲ್ಲ. ಬಹಳ ಹೊತ್ತು ಮಾತಾಡಿದ ಮೇಲೆ ಒಳಗಿದ್ದ ಮಾತು ಹೊರಗೆ ಬಂತು. “ಸರ್, ವಿಮಾನದಲ್ಲಿ ಕೂತರೆ ಕೆಳಗೆ ಇಳಿಸ್ತಾರೆ, ಅದು ಸರಿ. ಆಮೇಲೆ ನನ್ನ ಮಗಳು ಒಬ್ಬಳೇ, ಭಾಷೆ ಬರದ ಜಾಗದಲ್ಲಿ, ಐವತ್ತು ಕಿಲೋ ಸಾಮಾನು ಎಳಕೊಂಡು ಹೇಗೆ ಹೋಗ್ತಾಳೆ?”

ಗಮನಿಸಿ. ಅವರು ಫೀಸಿಗೆ ಹೆದರಿಲ್ಲ, ಪಾಠಕ್ಕೆ ಹೆದರಿಲ್ಲ. ವಿಮಾನ ನಿಲ್ದಾಣದಿಂದ ಆಚೆಗಿನ 250 ಕಿಲೋಮೀಟರಿಗೆ ಹೆದರಿದ್ದರು. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಓದು ಇಂಥ ಒಂದು ಸಣ್ಣ ಪ್ರಶ್ನೆಗೆ ಉತ್ತರ ಹೇಳುವವರಿಲ್ಲದೆ ನಿಂತುಹೋಗುತ್ತದೆ. ಆದ್ದರಿಂದ ಆ ಪ್ರಶ್ನೆಗೆ ಇವತ್ತು ಎಲ್ಲರ ಮುಂದೆ ಉತ್ತರ ಕೊಡೋಣ ಎಂದು ಬಂದಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಓದಲು ಹೋದ ವರ್ಷ ಟಿಕೆಟ್ ಅಗ್ಗವೆಂದು ಮೂರು ರೈಲು ಬದಲಿಸುವ ದಾರಿ ಹಿಡಿದೆ. ಮೊದಲ ರೈಲು ತಡವಾಯಿತು. ಒಂದು ಸಣ್ಣ ಜಂಕ್ಷನ್‌ನಲ್ಲಿ ಪ್ಲಾಟ್‌ಫಾರಂ ಬದಲಿಸಲು ಐದೇ ನಿಮಿಷ ಉಳಿದಿತ್ತು, ಲಿಫ್ಟ್ ಕೆಟ್ಟಿತ್ತು. ಒಂದು ಸೂಟ್‌ಕೇಸನ್ನು ಕೆಳಗೆ ಬಿಟ್ಟು ಇನ್ನೊಂದನ್ನು ಮೇಲಕ್ಕೆ ಹೊತ್ತುಕೊಂಡು ಹೋಗಲು ಧೈರ್ಯವಿಲ್ಲ, ಎರಡನ್ನೂ ಒಟ್ಟಿಗೆ ಹೊರಲು ಶಕ್ತಿಯಿಲ್ಲ. ಕಣ್ಣೆದುರಿಗೇ ರೈಲು ಹೊರಟುಹೋಯಿತು. ನಮ್ಮ ಮೆಜೆಸ್ಟಿಕ್ ನಿಲ್ದಾಣದಲ್ಲಾದರೆ ಕೆಂಪು ಅಂಗಿಯ ಪೋರ್ಟರ್ ಓಡಿ ಬರುತ್ತಾನೆ. ಅಲ್ಲಿ ಅಂಥವರು ಯಾರೂ ಇಲ್ಲ. ಕೊನೆಗೆ ವಯಸ್ಸಾದ ಒಬ್ಬ ತುರ್ಕಿ ಮನುಷ್ಯರು ಸಲಾಂ ಹೇಳಿ ಒಂದು ಸೂಟ್‌ಕೇಸ್ ಎತ್ತಿಕೊಂಡರು. ಮೇಲೆ ಬಂದು ಏದುಸಿರು ಬಿಡುತ್ತಾ, ಇದರಲ್ಲಿ ಏನಿದೆ ಎಂದು ಕೇಳಿದರು. ಅಕ್ಕಿ, ಬೇಳೆ, ಕುಕ್ಕರ್ ಎಂದೆ. ಅವರು ನಕ್ಕುಬಿಟ್ಟರು. ಆ ಊರಿನಲ್ಲಿ ಅವರ ಬೀದಿಯ ಅಂಗಡಿಯಲ್ಲೇ ಅಕ್ಕಿ ಬೇಳೆ ಎಲ್ಲ ಸಿಗುತ್ತಿತ್ತು! ನಾನು ಹಾಸ್ಟೆಲ್ ತಲುಪುವಷ್ಟರಲ್ಲಿ ಕೀಲಿಕೈ ಕೊಡುವ ಆಫೀಸು ಮುಚ್ಚಿತ್ತು.

ಆ ರಾತ್ರಿ ಕಲಿತ ಪಾಠವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ದಾರಿ ಆರಿಸುವಾಗ ಮೊದಲು ದುಡ್ಡು ಎಣಿಸಬೇಡಿ, ಗಂಟೆಯನ್ನೂ ಎಣಿಸಬೇಡಿ. ಸೂಟ್‌ಕೇಸನ್ನು ಎಷ್ಟು ಸಲ ಎತ್ತಬೇಕು ಎಂಬುದನ್ನು ಎಣಿಸಿ.

ಆಖೆನ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ. ಅಲ್ಲಿಂದ ಆಖೆನ್ ಸುಮಾರು ಬೆಂಗಳೂರಿನಿಂದ ದಾವಣಗೆರೆಯಷ್ಟು ದೂರ. ಹೋಗಲು ಮುಖ್ಯವಾಗಿ ಮೂರು ದಾರಿ.

ಮೊದಲನೆಯದು ಐ.ಸಿ.ಇ. ಎಂಬ ವೇಗದ ರೈಲು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ದೂರಪ್ರಯಾಣದ ರೈಲು ನಿಲ್ದಾಣವಿದೆ. ಅದು 1999ರಲ್ಲಿ ಆರಂಭವಾಯಿತು. ಕೋಲೋನ್ ಕಡೆಗಿನ ವೇಗದ ಮಾರ್ಗ 2002ರಲ್ಲಿ ತೆರೆಯಿತು. ಬ್ರಸೆಲ್ಸ್‌ಗೆ ಹೋಗುವ ಐ.ಸಿ.ಇ. ರೈಲುಗಳು ಕೋಲೋನ್ ಮೂಲಕ ಆಖೆನ್‌ನಲ್ಲಿ ನಿಂತು ಮುಂದೆ ಹೋಗುತ್ತವೆ. ಸುಮಾರು ಎರಡು ಗಂಟೆಯ ಪ್ರಯಾಣ. ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ, ಎರಡು ಸೂಟ್‌ಕೇಸಿಗೆ ಒಟ್ಟು ನಾಲ್ಕು ಎತ್ತುವಿಕೆ.

ಎರಡನೆಯದು ಸ್ಥಳೀಯ ರೈಲುಗಳು. ಜರ್ಮನಿಯಲ್ಲಿ 2023ರ ಮೇ ತಿಂಗಳಿಂದ ಒಂದು ಮಾಸಿಕ ಟಿಕೆಟ್ ಇದೆ. ಆಗ ಅದರ ಬೆಲೆ 49 ಯೂರೋ, 2025ರ ಜನವರಿಯಲ್ಲಿ 58, 2026ರ ಜನವರಿಯಲ್ಲಿ 63 ಆಯಿತು. ದೇಶದ ಎಲ್ಲ ಸ್ಥಳೀಯ ರೈಲು, ನಗರ ಬಸ್ಸುಗಳಿಗೂ ನಡೆಯುತ್ತದೆ, ಆದರೆ ಐ.ಸಿ.ಇ.ಗೆ ನಡೆಯುವುದಿಲ್ಲ. ಹಳಬರು ಇದೇ ಸಾಕು ಎಂದು ನಿಮಗೆ ಹೇಳುತ್ತಾರೆ. ಬೆನ್ನಿಗೊಂದು ಚೀಲ ಹಾಕಿಕೊಂಡು ತಿರುಗಾಡುವವರಿಗೆ ಅದು ನಿಜ. ಆದರೆ ಈ ದಾರಿಯಲ್ಲಿ ಕೊಬ್ಲೆನ್ಜ್, ಕೋಲೋನ್ ಎಂದು ಎರಡು ಕಡೆಯಾದರೂ ರೈಲು ಬದಲಿಸಬೇಕು. ಮೂರು ರೈಲು, ಆರು ಸಲ ಹತ್ತಿ ಇಳಿಯುವುದು, ಎರಡು ಸೂಟ್‌ಕೇಸಿಗೆ ಹನ್ನೆರಡು ಎತ್ತುವಿಕೆ. ಹೊತ್ತೂ ದುಪ್ಪಟ್ಟಿಗಿಂತ ಹೆಚ್ಚು. ರೈನ್ ನದಿಯ ದಂಡೆಯ ದಾರಿ ಬಹಳ ಚೆನ್ನಾಗಿದೆ, ರಜೆಯಲ್ಲಿ ನೋಡಿ.

ಮೂರನೆಯದು ಬಸ್ಸು. ಜರ್ಮನಿಯಲ್ಲಿ 2013ರ ಜನವರಿಯಿಂದ ದೂರಪ್ರಯಾಣದ ಬಸ್ಸುಗಳಿಗೆ ಮುಕ್ತ ಅವಕಾಶ ಸಿಕ್ಕಿತು. ಆ ವರ್ಷವೇ ಆರಂಭವಾದ ಫ್ಲಿಕ್ಸ್‌ಬಸ್ ಕಂಪನಿಯ ಹಸಿರು ಬಸ್ಸುಗಳನ್ನು 2024ರಿಂದ ನಮ್ಮ ಬೆಂಗಳೂರಿನಲ್ಲೂ ನೋಡುತ್ತಿದ್ದೀರಿ. ಬಸ್ಸು ಅಗ್ಗ. ನೇರ ಬಸ್ಸಾದರೆ ಸಾಮಾನನ್ನು ಒಮ್ಮೆ ಡಿಕ್ಕಿಗೆ ಹಾಕಿದರೆ ಊರು ಬಂದ ಮೇಲೆಯೇ ತೆಗೆಯುವುದು. ಎತ್ತುವಿಕೆಯ ಲೆಕ್ಕದಲ್ಲಿ ಅದು ನೇರ ರೈಲಿಗೆ ಸಮ. ಆದರೆ ಒಂದು ತೊಡಕಿದೆ. ವಿಮಾನದವರು ಸಾಮಾನ್ಯವಾಗಿ ಒಂದು ಸೂಟ್‌ಕೇಸಿಗೆ 23 ಕಿಲೋ ಬಿಡುತ್ತಾರೆ. ಈ ಬಸ್ಸಿನ ನಿಯಮದಲ್ಲಿ ಡಿಕ್ಕಿಗೆ ಒಂದೇ ಸೂಟ್‌ಕೇಸು, ಅದೂ 20 ಕಿಲೋ. ಎರಡನೆಯದಕ್ಕೆ ಮುಂಚೆಯೇ ಹಣ ಕಟ್ಟಿ ಜಾಗ ಹಿಡಿಯಬೇಕು. ವಿಮಾನಕ್ಕೆ ಸರಿಹೋದ ಸಾಮಾನು ಬಸ್ಸಿಗೆ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಕೆಲವು ಊರುಗಳಲ್ಲಿ ಬಸ್ಸು ನಿಲ್ಲುವ ಜಾಗ ಊರ ಹೊರಗಿರುತ್ತದೆ. ಎಷ್ಟು ಹೊತ್ತಿಗೆ ಅಲ್ಲಿ ಇಳಿಸುತ್ತದೆ ಎಂದು ನೋಡಿಯೇ ಟಿಕೆಟ್ ತೆಗೆಯಿರಿ. ಅಪರಿಚಿತರ ಕಾರಿನಲ್ಲಿ ಪಾಲು ಹಣ ಕೊಟ್ಟು ಹೋಗುವ ಪದ್ಧತಿಯೂ ಅಲ್ಲಿದೆ. ಮೊದಲ ಪ್ರಯಾಣಕ್ಕೆ ಅದು ಬೇಡ.

ಈಗ ಟಿಕೆಟ್ಟಿನ ವಿಷಯ. ಜರ್ಮನ್ ರೈಲ್ವೆಯ ಅಗ್ಗದ ಟಿಕೆಟ್ ಅದರಲ್ಲಿ ಬರೆದಿರುವ ರೈಲಿಗೆ ಮಾತ್ರ ನಡೆಯುತ್ತದೆ. ವಿಮಾನ ತಡವಾಗಿ ಆ ರೈಲು ತಪ್ಪಿದರೆ ಟಿಕೆಟ್ ಹೋದಂತೆ, ಏಕೆಂದರೆ ವಿಮಾನದ ತಡಕ್ಕೂ ರೈಲ್ವೆಗೂ ಸಂಬಂಧವಿಲ್ಲ. ಆದ್ದರಿಂದ ಮೊದಲ ದಿನಕ್ಕೆ ಯಾವ ರೈಲಿಗಾದರೂ ನಡೆಯುವ ಟಿಕೆಟ್ ತೆಗೆಯಿರಿ. ಇಲ್ಲವೇ ವಿಮಾನದ ಟಿಕೆಟ್ ಮಾಡಿಸುವಾಗಲೇ ‘ರೈಲ್ ಅಂಡ್ ಫ್ಲೈ’ ಇದೆಯೇ ಎಂದು ಏಜೆಂಟರನ್ನು ಕೇಳಿ. ಅದು ಒಂದೇ ರೈಲಿಗೆ ಕಟ್ಟುಬಿದ್ದದ್ದಲ್ಲ. ರೈಲು ಬದಲಿಸಲೇಬೇಕಾದರೆ ಇಡೀ ದಾರಿಗೆ ಒಂದೇ ಟಿಕೆಟ್ ಇರಲಿ. ಆಗ ಅವರ ರೈಲು ತಡವಾಗಿ ಮುಂದಿನದು ತಪ್ಪಿದರೆ ಬೇರೆ ರೈಲಿನಲ್ಲಿ ಹೋಗುವ ಹಕ್ಕು ನಿಮಗಿರುತ್ತದೆ. ಬದಲಿಸಲು ಅರ್ಧ ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಸೀಟು ಕಾದಿರಿಸುವುದಕ್ಕೆ ಅಲ್ಲಿ ಬೇರೆ ಹಣ. ನಾಲ್ಕು ಕಾಸು ಹೋದರೂ ಮಾಡಿಸಿ. ಯಾವ ಬೋಗಿ ಎಂದು ಗೊತ್ತಿದ್ದರೆ, ಅದು ಪ್ಲಾಟ್‌ಫಾರಂನಲ್ಲಿ ಎ, ಬಿ, ಸಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಎಂದು ಫಲಕ ನೋಡಿ ಅಲ್ಲೇ ಕಾಯಬಹುದು. ಅಲ್ಲಿ ರೈಲು ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಕಡಿಮೆ. ಐ.ಸಿ.ಇ. ಬಾಗಿಲಲ್ಲಿ ಮೆಟ್ಟಿಲೂ ಇವೆ.

ಇನ್ನೊಂದು ಮಾತು. ಕೋಲೋನ್ ನಗರದಲ್ಲಿ ನದಿಯ ಈಚೆ ಒಂದು, ಆಚೆ ಒಂದು ನಿಲ್ದಾಣವಿದೆ, ಕೆಲವು ರೈಲು ಒಂದರಲ್ಲಿ, ಕೆಲವು ಇನ್ನೊಂದರಲ್ಲಿ ನಿಲ್ಲುತ್ತವೆ. ಪ್ಯಾರಿಸ್‌ನಲ್ಲಂತೂ ಒಂದೊಂದು ದಿಕ್ಕಿಗೆ ಒಂದೊಂದು ನಿಲ್ದಾಣ. ಉತ್ತರದ ನಿಲ್ದಾಣದಲ್ಲಿ ಇಳಿದು ದಕ್ಷಿಣದ ರೈಲು ಹಿಡಿಯಲು ಊರನ್ನೇ ದಾಟಬೇಕು. ಫ್ರಾನ್ಸ್‌ಗೆ ಹೋಗುವವರು ನೆನಪಿಡಿ, ಅಲ್ಲಿನ ವೇಗದ ರೈಲುಗಳಲ್ಲಿ 2024ರಿಂದ ಒಬ್ಬರಿಗೆ ಎರಡು ಸೂಟ್‌ಕೇಸ್ ಮತ್ತು ಒಂದು ಕೈಚೀಲ ಎಂಬ ಮಿತಿ ಬಂದಿದೆ, ಪ್ರತಿಯೊಂದರ ಮೇಲೂ ಹೆಸರು ಇರಬೇಕು. ಟಿಕೆಟ್ಟಿನಲ್ಲಿ ಊರಿನ ಹೆಸರನ್ನಷ್ಟೇ ಅಲ್ಲ, ನಿಲ್ದಾಣದ ಹೆಸರನ್ನೂ ಓದಿ.

ತಾಯಂದಿರೆ, ಈಗ ನಿಮಗೆ ಒಂದು ಮಾತು, ಬೇಸರ ಪಡಬೇಡಿ. ಸೂಟ್‌ಕೇಸ್ ಭಾರವಾಗುವುದು ಜರ್ಮನಿಯಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ. ಯೂರೋಪ್ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಮಾಂಸದ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಖೋವಾದ ಮಿಠಾಯಿ, ಒಣಮಾಂಸ ಯಾವುದೂ ನಡೆಯುವುದಿಲ್ಲ. ಅಕ್ಕಿ ಬೇಳೆ ಅಲ್ಲೇ ಸಿಗುತ್ತದೆ, ಹಲಾಲ್ ಮಾಂಸವೂ ಸಿಗುತ್ತದೆ. ಇದರ ಹಿಂದೆ ಒಂದು ಚರಿತ್ರೆಯಿದೆ. 1961ರ ಅಕ್ಟೋಬರ್ 30ರಂದು ಜರ್ಮನಿ ಮತ್ತು ತುರ್ಕಿ ಕೂಲಿಗಾರರನ್ನು ಕಳಿಸುವ ಒಪ್ಪಂದ ಮಾಡಿಕೊಂಡವು. ಇಸ್ತಾಂಬುಲ್‌ನಿಂದ ಎರಡು ಮೂರು ದಿನ ರೈಲಿನಲ್ಲಿ ಕೂತು, ಗಂಟುಮೂಟೆಯೊಂದಿಗೆ ಸಾವಿರಾರು ಜನ ಮ್ಯೂನಿಕ್ ನಿಲ್ದಾಣದ 11ನೇ ಪ್ಲಾಟ್‌ಫಾರಂನಲ್ಲಿ ಇಳಿದರು. ಅವರು, ಅವರ ಮಕ್ಕಳು ಇಟ್ಟ ಅಂಗಡಿಗಳು ಇವತ್ತು ಜರ್ಮನಿಯ ಊರೂರಿನಲ್ಲಿವೆ. ನನಗೆ ಸಹಾಯ ಮಾಡಿದ ಹಿರಿಯರೂ ಹಾಗೆ ಬಂದವರೇ. ಅವರು ಅಂದು ಹೊತ್ತದ್ದರಿಂದ ನಿಮ್ಮ ಮಕ್ಕಳು ಇಂದು ಹೊರಬೇಕಾಗಿಲ್ಲ. ಮಸಾಲೆ ಪುಡಿ ಒಂದೆರಡು ಪೊಟ್ಟಣ, ಔಷಧಿ ಮತ್ತು ಅದರ ಚೀಟಿ, ಚಳಿಯ ಬಟ್ಟೆ, ಇಷ್ಟು ಸಾಕು.

ಪಾಸ್‌ಪೋರ್ಟ್, ಸೀಟಿನ ಪತ್ರ, ಮೂಲ ಅಂಕಪಟ್ಟಿ, ಬ್ಯಾಂಕ್ ಕಾಗದ, ಹಾಸ್ಟೆಲ್ ವಿಳಾಸ, ಒಂದು ದಿನದ ಬಟ್ಟೆ, ಇವು ಮೈಗಂಟಿದ ಸಣ್ಣ ಚೀಲದಲ್ಲಿರಲಿ. ಹಜ್ ಯಾತ್ರೆಗೆ ಹೋಗುವ ನಮ್ಮ ಹಿರಿಯರು ಪೆಟ್ಟಿಗೆಗೆ ಬಣ್ಣದ ರಿಬ್ಬನ್ ಕಟ್ಟುತ್ತಾರಲ್ಲ, ಹಾಗೆ ಕಟ್ಟಿ. ಕಪ್ಪು ಸೂಟ್‌ಕೇಸುಗಳೆಲ್ಲ ಒಂದೇ ಥರ ಕಾಣುತ್ತವೆ.

ಹೊರಡುವ ಒಂದು ವಾರ ಮುಂಚೆ ಒಂದು ಪರೀಕ್ಷೆ ಮಾಡಿ. ಕುರುಬರಹಳ್ಳಿಯ ಮನೆಗಳ ಮೆಟ್ಟಿಲು ನಿಮಗೆ ಗೊತ್ತೇ ಇದೆ, ಇಕ್ಕಟ್ಟು, ಕಡಿದು. ಎರಡೂ ಸೂಟ್‌ಕೇಸ್ ತುಂಬಿ, ಅಣ್ಣನ ಸಹಾಯವಿಲ್ಲದೆ, ಅಬ್ಬಾ ಕೈ ಹಾಕದೆ, ಒಬ್ಬರೇ ಕೆಳಗಿನಿಂದ ಮೊದಲ ಮಹಡಿಗೆ ಎರಡು ನಿಮಿಷದಲ್ಲಿ ಸಾಗಿಸಿ. ಆದರೆ ಸರಿ. ಆಗದಿದ್ದರೆ ಸೂಟ್‌ಕೇಸ್ ಬಿಚ್ಚಿ ಐದು ಕಿಲೋ ತೆಗೆದು ಮತ್ತೆ ಪ್ರಯತ್ನಿಸಿ.

ನಮ್ಮ ಧರ್ಮವೇ ಪ್ರಯಾಣಿಕನ ಭಾರ ಇಳಿಸಿದೆ. ಮುಸಾಫಿರನಿಗೆ ನಾಲ್ಕು ರಕಾತಿನ ನಮಾಜ್ ಎರಡಾಗುತ್ತದೆ. ಹಾಗಿರುವಾಗ ನಾವೇ ಅವನ ತಲೆಯ ಮೇಲೆ ಹೆಚ್ಚು ಹೊರಿಸುವುದು ಸರಿಯಲ್ಲ. ಇಬ್ನ್ ಬತೂತಾ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾರೆ. ಆರು ನೂರ ಎಂಬತ್ತು ವರ್ಷದ ಹಿಂದೆ, ನಮ್ಮ ಕರಾವಳಿಯಲ್ಲಿ! ಮುಂದೆ ಹೊನ್ನಾವರದ ಹತ್ತಿರದ ಸಮುದ್ರದಲ್ಲಿ ಕಡಲ್ಗಳ್ಳರು ಅವರ ಸಾಮಾನನ್ನೆಲ್ಲ ದೋಚಿದರು. ಅದಕ್ಕೂ ಮುಂಚೆಯೇ ಅವರು ಮಾಲ್ದೀವಿನಲ್ಲಿ ಖಾಜಿಯಾಗಿದ್ದರು. ಅವರ ಇಲ್ಮನ್ನು ಯಾರೂ ದೋಚಲಿಲ್ಲ.

ಆ ತಂದೆಗೆ ನಾನು ಕೊಟ್ಟ ಉತ್ತರ ಇಷ್ಟೆ: “ಭಾಯಿ, ಐವತ್ತು ಕಿಲೋ ಎಂದಿರಲ್ಲ, ಅದನ್ನು ಮೂವತ್ತು ಮಾಡೋಣ. ಹಗಲು ಇಳಿಯುವ ವಿಮಾನ ನೋಡೋಣ, ಬದಲಾವಣೆ ಇಲ್ಲದ ರೈಲು ಹಿಡಿಯೋಣ, ಆಖೆನ್ ನಿಲ್ದಾಣದಿಂದ ಹಾಸ್ಟೆಲ್ಲಿಗೆ ಟ್ಯಾಕ್ಸಿ ಮಾಡಲು ಹೇಳೋಣ. ಇಳಿಸಬೇಕಾದದ್ದು ಸೂಟ್‌ಕೇಸಿನ ಭಾರ, ಹುಡುಗಿಯನ್ನು ನಿಲ್ಲಿಸುವುದು ಬೇಡ.” ಅವರು ಏನೂ ಹೇಳದೆ ಎದ್ದುಹೋದರು. ಮೊನ್ನೆ ಫೋನ್ ಮಾಡಿ, ತೂಕದ ಯಂತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಹೊರಟಿರುವ ಎಲ್ಲ ಮಕ್ಕಳ ಪ್ರಯಾಣವನ್ನು ಅಲ್ಲಾಹನು ಸುಲಭಗೊಳಿಸಲಿ, ಕಲಿತ ವಿದ್ಯೆ ಈ ನಾಡಿಗೆ, ಈ ಸಮಾಜಕ್ಕೆ ಉಪಯೋಗವಾಗಲಿ. ಆಮೀನ್.