ಬೇಲಿಯೇ ಎದ್ದು ಹೊಲ ಮೇಯದಿರಲಿ



ಇವತ್ತು ನಾನು ನ್ಯೂಜಿಲೆಂಡಿನ ಜಿಂಕೆ ಸಾಕಣೆಯ ವಿಷಯ ಹೇಳಬೇಕು ಅಂತ ನಿಂತಿದ್ದೇನೆ. ಜಿಂಕೆ ಬಂದರೆ ತಮಟೆ ಹೊಡೆದು ಓಡಿಸುವ ನಮಗೆ ಇದೇನು ಕಥೆ ಅಂತ ನಗಬೇಡಿ. ಕಥೆ ಜಿಂಕೆಯದಲ್ಲ, ಬೇಲಿಯದು. ಬೇಲಿಯ ಹಿಂದೆ ಬರುವ ಸಾಲದ್ದು.

ಆ ದೇಶದಲ್ಲಿ ಮೊದಲು ಜಿಂಕೆಯೇ ಇರಲಿಲ್ಲ. 1850ರ ದಶಕದಿಂದ ಇಂಗ್ಲೆಂಡಿನವರು ಬೇಟೆಯ ಶೋಕಿಗಾಗಿ ತಂದು ಬಿಟ್ಟರು. ತಿನ್ನುವ ಹುಲಿ ಇಲ್ಲ, ಚಿರತೆ ಇಲ್ಲ. ಹಿಂಡು ಬೆಳೆದು ಕಾಡು ಬೋಳಾಯಿತು, ಗುಡ್ಡದ ಮಣ್ಣು ಜಾರಿತು. 1930ರ ದಶಕದಿಂದ ಸರ್ಕಾರವೇ ಸಂಬಳ ಕೊಟ್ಟು ಕೊಲ್ಲಿಸಿತು. ಆಮೇಲೆ ಜಿಂಕೆ ಮಾಂಸಕ್ಕೆ ಯುರೋಪಿನಲ್ಲಿ ಬೆಲೆ ಬಂತು. 1969ರಲ್ಲಿ ಸಾಕಣೆಗೆ ಕಾನೂನಿನ ಒಪ್ಪಿಗೆ ಸಿಕ್ಕಿತು. ನಿನ್ನೆಯ ಪೀಡೆ ಇವತ್ತು ಆಸ್ತಿ! ಎರಡಕ್ಕೂ ನಡುವೆ ನಿಂತದ್ದು ಒಂದು ಬೇಲಿ.

ತಪ್ಪಿಸಿಕೊಂಡ ಜಿಂಕೆ ಮತ್ತೆ ಪೀಡೆಯೇ ತಾನೇ? ಆದ್ದರಿಂದ ಬೇಲಿ ಗಟ್ಟಿಯಿಲ್ಲದೆ ಸಾಕಣೆಯಿಲ್ಲ. ಹೊರಸುತ್ತಿಗೆ ಸುಮಾರು ಎರಡು ಮೀಟರ್, ಅಂದರೆ ಆರೂವರೆ ಅಡಿ ಎತ್ತರದ ತಂತಿ ಬಲೆ. ಮರಿ ನುಸುಳದಂತೆ ಬಲೆಯ ಕಣ್ಣು ಕೆಳಗೆ ಕಿರಿದು, ಮೇಲೆ ಅಗಲ. ಮೂಲೆಗಂಬ ದಪ್ಪನಾಗಿರಬೇಕು, ಆಳಕ್ಕೆ ಹೂತಿರಬೇಕು. ಗೇಟು ಬೇಲಿಯಷ್ಟೇ ಎತ್ತರ. ಹಳ್ಳ ದಾಟುವ ಕಡೆ ಕೆಳಗೆ ಸಂದು ಉಳಿಯಬಾರದು. ಮಳೆಗಾಲದ ನೀರು ಕೊಚ್ಚಿಕೊಂಡು ಹೋಗಲೂ ಬಾರದು. ಜಿಂಕೆ ಗಾಬರಿಯಾದರೆ ಬೇಲಿಯ ಗುಂಟ ಓಡುತ್ತದೆ. ಓಡಿ ಓಡಿ ನೆಲ ಕಿತ್ತು ಮಣ್ಣು ಹಳ್ಳ ಸೇರುತ್ತದೆ. ಹೀಗಾಗಿ ಒಂದು ಸಲ ಹಾಕಿದರೆ ಮುಗಿಯಿತು ಅನ್ನುವ ಹಾಗಿಲ್ಲ, ವರ್ಷಾ ವರ್ಷಾ ನೋಡಿಕೊಳ್ಳಬೇಕು.

ಈಗ ಲೆಕ್ಕ ಹಾಕೋಣ. ಚೌಕನೆಯ ಒಂದು ಎಕರೆಗೆ ಸುತ್ತಳತೆ ಸುಮಾರು 254 ಮೀಟರ್. ನಾಲ್ಕು ಎಕರೆಗೆ 509. ನೂರು ಎಕರೆಗೆ 2,545. ಅಂದರೆ ನೂರು ಎಕರೆಯವನಿಗೆ ಎಕರೆಗೆ 25 ಮೀಟರ್ ಬೇಲಿ ಸಾಕು, ಒಂದು ಎಕರೆಯವನಿಗೆ 254! ನಿಯಮ ಇಬ್ಬರಿಗೂ ಒಂದೇ, ಹೊರೆ ಹತ್ತು ಪಟ್ಟು. ಜಮೀನು ಉದ್ದನೆಯ ಪಟ್ಟಿಯಾಗಿದ್ದರೆ ಇನ್ನೂ ಜಾಸ್ತಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ನಮ್ಮ ಹೊಲಗಳ ಆಕಾರ ನಿಮಗೇ ಗೊತ್ತು.

ಇನ್ನೊಂದು ಮಾತು. ಬೇಲಿಯ ದುಡ್ಡು ಮೊದಲ ಮರಿ ಹುಟ್ಟುವುದಕ್ಕೂ ಮುಂಚೆ ಖರ್ಚಾಗಿರುತ್ತದೆ. ಬಡ್ಡಿ ಅಂದಿನಿಂದಲೇ ಓಡುತ್ತದೆ. ಬೆಲೆ ಮಾತ್ರ ದೂರದ ಪೇಟೆಯವರ ಕೈಯಲ್ಲಿ: ಮಾಂಸಕ್ಕೆ ಜರ್ಮನಿ, ಎಳೆಗೊಂಬಿಗೆ ಕೊರಿಯ, ಚೀನ. 1984ರ ನಂತರ ಆ ದೇಶದ ಸರ್ಕಾರ ರೈತರ ಸಹಾಯಧನವನ್ನು ಬಹುಪಾಲು ನಿಲ್ಲಿಸಿತು. 2005ರ ಸುಮಾರಿಗೆ ಅಲ್ಲಿ ಸಾಕಿದ ಜಿಂಕೆ 17 ಲಕ್ಷದಷ್ಟಿತ್ತು. ಈಗ 10 ಲಕ್ಷಕ್ಕೂ ಕೆಳಗಿಳಿದಿದೆ. ಬೆಲೆ ಬಿದ್ದಾಗ ಜಿಂಕೆ ಮಾರಬಹುದು. ನೆಟ್ಟ ಕಂಬವನ್ನು ಯಾರು ಕೊಳ್ಳುತ್ತಾರೆ?

ನಮ್ಮಲ್ಲಿ ಜಿಂಕೆ ಸಾಕುವ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಆದರೆ ಹಸುವಿಗೆ, ಕೋಳಿಗೆ, ಹಸಿರುಮನೆಗೆ ಸಾಲ ಕೊಡುತ್ತೇವೆ ಅಂತ ಬರುವವರು ಇದ್ದೇ ಇದ್ದಾರೆ. ಬಂದಾಗ ಕೂರಿಸಿ ಮೂರು ಪ್ರಶ್ನೆ ಕೇಳಿ. ನನ್ನ ಅಳತೆಯ ಜಮೀನಿಗೆ ಎಕರೆವಾರು ಖರ್ಚು ಎಷ್ಟು? ಮೊದಲ ಆದಾಯದ ತನಕ ಬಡ್ಡಿ ಯಾರು ಕಟ್ಟುತ್ತಾರೆ? ಬೆಲೆ ಬಿದ್ದರೆ ಈ ಕಟ್ಟಡ, ಈ ತಂತಿ ಯಾವ ಕೆಲಸಕ್ಕೆ ಬರುತ್ತದೆ?

ಉತ್ತರ ಸಿಗುವ ತನಕ ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಬೇಡಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಅಂತ ನಮ್ಮ ಹಿರಿಯರು ಸುಮ್ಮನೆ ಕೇಳಲಿಲ್ಲ.