ನಮ್ಮ ಸರಕು, ನಮ್ಮ ಗುರುತು

(ಆನವಟ್ಟಿಯ ಮಹಿಳಾ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಓದು ಬಾರದಿದ್ದಾಗ ಅಂಗಡಿಯಲ್ಲಿ ನಂದಿನಿ ಹಾಲನ್ನು ಹೇಗೆ ಗುರುತು ಹಿಡಿಯುತ್ತಿದ್ದಿರಿ? ಹಸುವಿನ ಚಿತ್ರ ನೋಡಿ, ಅಲ್ಲವೇ? ಈಗ ಹೆಸರನ್ನೂ ಓದುತ್ತೀರಿ. ಆ ಚಿತ್ರ, ಆ ಹೆಸರು, ಎರಡೂ ಸರಕಿನ ಗುರುತು. ಇದಕ್ಕೆ ಟ್ರೇಡ್ ಮಾರ್ಕ್ ಅನ್ನುತ್ತಾರೆ.

ನಮಗೆ ಯಾಕೆ ಬೇಕು ಈ ಗುರುತು? ಒಂದು ಮಾತಿಗೆ ಹೇಳ್ತೀನಿ. ನಿಮ್ಮ ಸಂಘದವರು ಮಿಡಿ ಉಪ್ಪಿನಕಾಯಿ ಹಾಕ್ತೀರಿ. ಸಂತೆಯಲ್ಲಿ ಮಾರ್ತೀರಿ. ಜನ ಹೆಸರು ಹೇಳಿ ಕೇಳ್ತಾರೆ. ಆಗ ಇನ್ನೊಬ್ಬರು ಅದೇ ಹೆಸರಿನ ಚೀಟಿ ಅಂಟಿಸಿ ಕಳಪೆ ಮಾಲು ಮಾರಿದರೆ? ದುಡ್ಡು ಅವರಿಗೆ, ಬೈಗುಳ ನಿಮಗೆ. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರು ಮಣ್ಣುಪಾಲು.

ಇದನ್ನು ತಡೆಯಲು 1999ರ ಟ್ರೇಡ್ ಮಾರ್ಕ್ ಕಾಯಿದೆ ಇದೆ. ಗುರುತನ್ನು ನೋಂದಣಿ ಮಾಡಿಸಿದರೆ 10 ವರ್ಷ ಅದು ನಿಮ್ಮದು. ಶುಲ್ಕ ಕಟ್ಟಿ ಮತ್ತೆ 10 ವರ್ಷ ಮುಂದುವರಿಸಬಹುದು.

ಎಂಥ ಹೆಸರು ಇಡಬೇಕು? "ಮಿಡಿ ಉಪ್ಪಿನಕಾಯಿ" ಅಂತ ಮಾತ್ರ ಬರೆದರೆ ಸಾಲದು. ಅದು ಎಲ್ಲರೂ ಆಡುವ ಮಾತು. "ರುಚಿ ಹಪ್ಪಳ" ಅಂದರೂ ಅಷ್ಟೇ. ಬೇರೆ ಯಾರೂ ಇಡದ ಹೆಸರು ಹುಡುಕಿ.

ಯಾವ ಸರಕಿಗೆ ಆ ಹೆಸರು ಅನ್ನುವುದೂ ಮುಖ್ಯ. ಸರಕು ಮತ್ತು ಸೇವೆಗಳನ್ನು 45 ವರ್ಗ ಮಾಡಿದ್ದಾರೆ. ನಂದಿನಿ ಹೆಸರನ್ನೇ ನೋಡಿ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಈ ಹೆಸರು ಬಳಸುತ್ತಿದೆ. 1989ರಲ್ಲಿ ಬೆಂಗಳೂರಿನ ಒಂದು ಹೋಟೆಲಿನವರೂ ಇದೇ ಹೆಸರು ಇಟ್ಟರು. ಇಬ್ಬರಿಗೂ ವ್ಯಾಜ್ಯ ಬಂತು. ಅದು ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ತೀರ್ಪು ಬಂತು. ಹಾಲಿನ ವ್ಯಾಪಾರ ಬೇರೆ, ಹೋಟೆಲು ಬೇರೆ, ಚಿತ್ರವೂ ಬೇರೆ ಎಂದು ಕೋರ್ಟು ಹೇಳಿತು. ಹೋಟೆಲಿನವರಿಗೂ ಹೆಸರು ಉಳಿಯಿತು. ಆದರೆ ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಮಾತ್ರ ಅವರು ಅದನ್ನು ಕೇಳುವ ಹಾಗಿಲ್ಲ.

ಈಗ ಅರ್ಜಿಯ ಮಾತು. ನಮ್ಮ ರಾಜ್ಯದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ. ಅಲ್ಲಿಗೆ ಹೋಗಬೇಕಾಗಿಲ್ಲ. ಕಂಪ್ಯೂಟರಿನಲ್ಲೇ ಹಾಕಬಹುದು. ಒಬ್ಬರ ಹೆಸರಿಗೆ, ಇಲ್ಲವೇ ಸಣ್ಣ ಉದ್ಯಮಕ್ಕೆ, ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಉಳಿದವರಿಗೆ 9,000. ಅಂಥದೇ ಹೆಸರು ಮೊದಲೇ ಇದೆಯೇ ಎಂದು ಹುಡುಕಿಸಿ, ಆಮೇಲೆ ದುಡ್ಡು ಕಟ್ಟಿ. ಅಧಿಕಾರಿಗಳು ಒಪ್ಪಿದರೆ ನಿಮ್ಮ ಗುರುತನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ತಕರಾರು ಇದ್ದವರು 4 ತಿಂಗಳೊಳಗೆ ಹೇಳಬೇಕು. ತಕರಾರು ಇಲ್ಲದಿದ್ದರೆ ನೋಂದಣಿ ಆಗುತ್ತದೆ. ಅದಕ್ಕೆ ಮೊದಲೇ "ನೋಂದಾಯಿತ" ಎಂದು ಚೀಟಿಯಲ್ಲಿ ಬರೆಯಬೇಡಿ. ದಂಡ ಬೀಳುತ್ತದೆ.

ಆಹಾರ ಮಾರಲು ಪಡೆಯುವ ಲೈಸೆನ್ಸ್ ಬೇರೆ, ಇದು ಬೇರೆ. ಅದು ಇದ್ದರೆ ಹೆಸರು ನಿಮ್ಮದಾಯಿತು ಅಂತ ತಿಳಿಯಬೇಡಿ.

ಈಗಲೇ ದುಡ್ಡಿಲ್ಲವೇ? ಚಿಂತೆ ಬೇಡ. ಮೊದಲಿಂದ ಬಳಸಿ ಹೆಸರು ಗಳಿಸಿದವರಿಗೂ ಕಾನೂನಿನಲ್ಲಿ ಹಕ್ಕುಂಟು. ಆದರೆ ಪುರಾವೆ ಬೇಕು. ಮೊದಲ ಚೀಟಿ, ಬಿಲ್ಲು, ಲೆಕ್ಕದ ಪುಸ್ತಕ, ಎಲ್ಲ ತಾರೀಖು ಹಾಕಿ ಇಟ್ಟುಕೊಳ್ಳಿ. ಬರೆಯಲು ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಕೊನೆಗೆ ಒಂದು ಮಾತು. ಅರ್ಜಿ ಯಾರ ಹೆಸರಿನಲ್ಲಿ ಹೋಗುತ್ತದೋ ಗುರುತು ಅವರದಾಗುತ್ತದೆ. ಹತ್ತು ಜನ ದುಡಿದ ಹೆಸರು ಒಬ್ಬರ ಪಾಲಾಗಬಾರದು, ದಲ್ಲಾಳಿಯ ಪಾಲಂತೂ ಆಗಲೇಬಾರದು. ಸಂಘದ ಸಭೆಯಲ್ಲಿ ಠರಾವು ಬರೆಯಿರಿ. ಅರ್ಜಿಯಲ್ಲಿ ಯಾರ ಹೆಸರಿದೆ ಎಂದು ನೀವೇ ಓದಿ ನೋಡಿ. ಆಮೇಲೆ ಸಹಿ ಹಾಕಿ.