ನಮ್ಮ ಮನೆಯ ವೈಫೈಯಲ್ಲಿ ಯಾರಿದ್ದಾರೆ?

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ವಿದ್ಯಾರ್ಥಿಗಳಿಗೆ ಪ್ರಯೋಜನವಾಗುವ ಒಂದು ವಿಷಯ ಆರಿಸಿಕೊಳ್ಳಿ ಎಂದು ಕಾರ್ಯದರ್ಶಿಗಳು ತಿಳಿಸಿದ್ದರು. ಶಿಕ್ಷಣದ ಮಹತ್ವ, ಯುವಜನರ ಜವಾಬ್ದಾರಿ ಮುಂತಾದವುಗಳ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡುವವರು ಈ ಸಭೆಯಲ್ಲೇ ಬಹಳ ಮಂದಿ ಇದ್ದಾರೆ. ನಾನು ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಆದ್ದರಿಂದ ನನ್ನ ಮನೆಯ ಗೋಡೆಯಲ್ಲಿ ತೂಗುತ್ತಿರುವ ಒಂದು ಸಣ್ಣ ಡಬ್ಬಿಯ ಬಗ್ಗೆ, ಅದನ್ನು ಓದಲು ಬಾರದೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ನಮ್ಮ ಮನೆ ಕರಿಕೆಯಲ್ಲಿದೆ. ಭಾಗಮಂಡಲದಿಂದ ಘಾಟಿ ಇಳಿದರೆ ನಮ್ಮೂರು, ಇನ್ನೂ ಇಳಿದರೆ ಪಾಣತ್ತೂರು, ಅಲ್ಲಿಂದಾಚೆ ಕಾಞಂಗಾಡಿನ ದಾರಿ. ಪೇಟೆಯ ಹಾಗೆ ಮನೆಗೆ ಮನೆ ಅಂಟಿಕೊಂಡಿಲ್ಲ. ಗುಡ್ಡದಲ್ಲಿ ಮೇಲೊಂದು ಮನೆ, ಕೆಳಗೊಂದು ಮನೆ, ನಡುವೆ ಅಡಿಕೆ ಇಲ್ಲವೇ ರಬ್ಬರ್. ಇಂಥ ಕಡೆ ವೈಫೈಗೆ ಯಾರು ಬಂದು ಸೇರುತ್ತಾರೆ ಎಂದು ನೀವು ಕೇಳಬಹುದು. ಆದರೆ ರೇಡಿಯೋ ಅಲೆಗೆ ಅಡ್ಡಿ ಮಾಡುವುದು ಗೋಡೆ, ಬಯಲಲ್ಲ. ನಮ್ಮ ಕಲ್ಲುಗೋಡೆಯ ಅಡುಗೆಮನೆಗೆ ತಲುಪದ ಸಿಗ್ನಲ್, ಕಿಟಕಿಯಿಂದ ಇಳಿದು ಕೆಳಗಿನ ಮನೆಯ ಅಂಗಳಕ್ಕೆ ಚೆನ್ನಾಗಿಯೇ ತಲುಪುತ್ತದೆ.

ಕೊರೊನಾದ ಎರಡನೇ ಅಲೆ ಇಳಿಯುತ್ತಿದ್ದ 2021ರ ಮಳೆಗಾಲ. ಕೊಡಗಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ ಕಾಲ ಅದು; ಆನ್‌ಲೈನ್ ಪಾಠ ಮಾಡಲು ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡ ಸುದ್ದಿಯನ್ನು ಆ ವರ್ಷ ನೀವು ಪತ್ರಿಕೆಗಳಲ್ಲಿ ಓದಿರಬಹುದು. ಕೆಳಗಿನ ಮನೆಯ ಹುಡುಗ ಮಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದವನು ಊರಿಗೆ ಬಂದಿದ್ದ. ಅವನಿಗೆ ನಮ್ಮ ವೈಫೈಯ ಪಾಸ್‌ವರ್ಡನ್ನು ನಾನೇ ಕೊಟ್ಟಿದ್ದೆ. ದಿನಾ ಬೆಳಿಗ್ಗೆ ಬಂದು ನಮ್ಮ ಜಗಲಿಯಲ್ಲಿ ಕೂತು ತರಗತಿ ಕೇಳಿ ಹೋಗುತ್ತಿದ್ದ. ಮನೆಯೊಳಗೆ ಕರೆದರೂ ಬರುತ್ತಿರಲಿಲ್ಲ, ಅಷ್ಟು ಸಂಕೋಚದ ಹುಡುಗ.

ಜುಲೈ ತಿಂಗಳಲ್ಲಿ ನಮ್ಮ ತಿಂಗಳ ಡೇಟಾ 18ನೇ ತಾರೀಕಿಗೇ ಮುಗಿದು ವೇಗ ಆಮೆಯ ನಡಿಗೆಗೆ ಇಳಿಯಿತು. ಯಾರು ಬಳಸುತ್ತಿದ್ದಾರೆ ನೋಡೋಣವೆಂದು ರೂಟರಿನ ಪುಟ ತೆರೆದೆ. ಪಟ್ಟಿಯಲ್ಲಿ 11 ಸಾಲುಗಳಿದ್ದವು. ಮನೆಯಲ್ಲಿ ನಾವು ನಾಲ್ವರು, ನಾಲ್ಕು ಫೋನು, ಒಂದು ಲ್ಯಾಪ್‌ಟಾಪ್, ಒಂದು ಟಿವಿ, ಹುಡುಗನದೊಂದು ಫೋನು. ಏಳಾಯಿತು. ಉಳಿದ ನಾಲ್ಕು ಯಾರವು? ಒಂದಕ್ಕಂತೂ ಹೆಸರೇ ಇರಲಿಲ್ಲ, ಬರೀ ಒಂದು ಗೀಟು. ಹುಡುಗ ಪಾಸ್‌ವರ್ಡನ್ನು ಗೆಳೆಯರಿಗೆಲ್ಲ ಹಂಚಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಅವನನ್ನು ಒಂದು ಮಾತು ಕೇಳಲಿಲ್ಲ. ಅಂದು ರಾತ್ರಿಯೇ ಪಾಸ್‌ವರ್ಡ್ ಬದಲಾಯಿಸಿ ಮನೆಯವರಿಗೆ ಮಾತ್ರ ಹೇಳಿದೆ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಕೊಡೆ ಹಿಡಿದು ಬಂದ. "ಮಾಸ್ಟ್ರೇ, ನೆಟ್ ಕನೆಕ್ಟ್ ಆಗ್ತಾ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದ್ರಾ?" ಎಂದ. "ಇಲ್ಲಪ್ಪಾ, ಲೈನೇ ಸರಿ ಇಲ್ಲ" ಎಂದೆ. ಕಲಿಸುವವನಾಗಿ ಸುಳ್ಳು ಹೇಳಿದೆ. ಅಂದು ಹತ್ತು ಗಂಟೆಗೆ ಅವನಿಗೆ ಆಂತರಿಕ ಪರೀಕ್ಷೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ. ರಸ್ತೆಗೆ ಹತ್ತಿ ಹೋಗಿ, ಬಸ್ಸಿಗೆ ಕಾಯುವ ಕಟ್ಟೆಯಲ್ಲಿ ಕೂತು, ಫೋನಿನ ಸಿಗ್ನಲ್ ಇದ್ದಷ್ಟು ಹೊತ್ತು ಅರ್ಧ ಪರೀಕ್ಷೆ ಬರೆದು ಬಂದನಂತೆ.

ಮೂರು ದಿನ ಬಿಟ್ಟು ಪಟ್ಟಿ ತೆರೆದರೆ, ಹೆಸರಿಲ್ಲದ ಆ ಸಾಲು ಮತ್ತೆ ಅಲ್ಲೇ ಇತ್ತು! ಅದರ ಕೊನೆಯ ನಾಲ್ಕು ಅಕ್ಷರಗಳನ್ನು ನಾನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ, ಅದೇ. ಹೊಸ ಪಾಸ್‌ವರ್ಡ್ ಗೊತ್ತಿದ್ದುದು ಮನೆಯ ನಾಲ್ವರಿಗೆ ಮಾತ್ರ. ಅಂದರೆ ಆ ಅಪರಿಚಿತ ನಮ್ಮ ಮನೆಯೊಳಗೇ ಇದ್ದ.

ಆಮೇಲೆ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ರೂಟರಿನ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 192.168.1.1 ಅಥವಾ 192.168.0.1 ಎಂಬಂಥ ಒಂದು ವಿಳಾಸ, ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡ್ ಇರುತ್ತವೆ. ಮನೆಯ ವೈಫೈಗೆ ಸೇರಿರುವ ಫೋನಿನ ಬ್ರೌಸರಿನಲ್ಲಿ ಆ ವಿಳಾಸ ಬರೆದರೆ ರೂಟರಿನ ಪುಟ ತೆರೆಯುತ್ತದೆ. ಅಲ್ಲಿ ಕನೆಕ್ಟೆಡ್ ಡಿವೈಸಸ್ ಎಂದೋ, ಡಿಎಚ್‌ಸಿಪಿ ಕ್ಲೈಂಟ್ಸ್ ಎಂದೋ ಒಂದು ಪಟ್ಟಿ ಸಿಗುತ್ತದೆ. ಇವೆರಡೂ ಒಂದೇ ಅಲ್ಲ, ಇಲ್ಲಿ ಜಾಗ್ರತೆ ಬೇಕು. ಡಿಎಚ್‌ಸಿಪಿ ಎಂದರೆ ಬಂದವರಿಗೆ ಒಳಗಿನ ವಿಳಾಸ ಹಂಚುವ ವ್ಯವಸ್ಥೆ. ಅದು ಒಂದು ಅವಧಿಗೆಂದು ವಿಳಾಸ ಕೊಟ್ಟಿರುತ್ತದೆ; ಆ ಅವಧಿ ಮುಗಿಯುವ ತನಕ, ಫೋನು ಊರು ಬಿಟ್ಟು ಹೋಗಿದ್ದರೂ ಹೆಸರು ಪಟ್ಟಿಯಲ್ಲೇ ಉಳಿಯಬಹುದು. ನನ್ನ ನಾಲ್ಕು ಅಪರಿಚಿತರಲ್ಲಿ ಒಬ್ಬ ಹೀಗೆಯೇ ಸಿಕ್ಕಿದ: ಹಿಂದಿನ ದಿನ ಬಂದು ಊಟ ಮಾಡಿ ಹೋಗಿದ್ದ ನನ್ನ ಭಾವನ ಫೋನು.

ಪ್ರತಿ ಸಾಲಿನ ಎದುರು ಎರಡೆರಡು ಅಕ್ಷರಗಳ ಆರು ಜೋಡಿ ಕಾಣಿಸುತ್ತವೆ. ಅದಕ್ಕೆ ಮ್ಯಾಕ್ ವಿಳಾಸ ಎಂದು ಹೆಸರು. ಮೊದಲ ಮೂರು ಜೋಡಿ ತಯಾರಕರ ಗುರುತು. ಅದನ್ನು ಹಂಚುವುದು ಐಇಇಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ. ಫಿಂಗ್‌ನಂಥ ಆ್ಯಪ್‌ಗಳು ಆ ಗುರುತನ್ನು ನೋಡಿಯೇ ಇದು ಇಂಥವರು ತಯಾರಿಸಿದ್ದು ಎಂದು ಹೇಳುತ್ತವೆ. ಆದರೆ ಆ ಹೆಸರು ಪೆಟ್ಟಿಗೆಯ ಮೇಲೆ ಅಚ್ಚಾದ ಕಂಪನಿಯದೇ ಆಗಬೇಕೆಂದಿಲ್ಲ, ಒಳಗಿನ ವೈಫೈ ಚಿಪ್ ಮಾಡಿದವರದಿರಬಹುದು. ಎಸ್‌ಪ್ರೆಸಿಫ್ ಎಂದು ಕಂಡರೆ ಬೆಚ್ಚಬೇಡಿ; ವೈಫೈ ಬಲ್ಬು, ಪ್ಲಗ್ಗುಗಳ ಒಳಗೆ ಬಹಳವಾಗಿ ಬಳಕೆಯಾಗುವ ಚಿಪ್ ಅದು. ನಮ್ಮ ಎರಡನೇ ಅಪರಿಚಿತ ಅಂಗಳದ ಕ್ಯಾಮೆರಾ. ಅಡಿಕೆ ಒಣಹಾಕಿದಾಗ ನೋಡಿಕೊಳ್ಳಲಿ ಎಂದು ನಾನೇ ತಂದು ಹಾಕಿ ಮರೆತಿದ್ದೆ. ಮೂರನೆಯದು ಅಡುಗೆಮನೆಯಲ್ಲಿ ಹಾಡು ಕೇಳಲು ಇಟ್ಟಿದ್ದ, ಪರದೆ ಒಡೆದ ಹಳೆಯ ಫೋನು.

ಹೆಸರಿಲ್ಲದ ನಾಲ್ಕನೆಯದು ನನ್ನ ಮಗಳ ಫೋನು! ಅದು ಆಗಲೇ ಪಟ್ಟಿಯಲ್ಲಿ ಒಮ್ಮೆ ಇತ್ತಲ್ಲ ಎನ್ನುತ್ತೀರಿ. ಹೌದು, ನಮ್ಮ ರೂಟರಿಗೆ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಇತ್ತು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ತೋರಿಸದೆ, ಒಂದೊಂದು ವೈಫೈ ಹೆಸರಿಗೆ ಒಂದೊಂದು ಕೃತಕ ವಿಳಾಸ ತೋರಿಸುತ್ತವೆ. ಅಂಗಡಿಯಿಂದ ಅಂಗಡಿಗೆ ನಮ್ಮ ಜಾಡು ಹಿಡಿಯಲು ಯಾರಿಗೂ ಆಗದಿರಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಮಗಳು ಹಾಲ್‌ನಲ್ಲಿ ಒಂದು ಹೆಸರಿಗೆ, ಕೋಣೆಯಲ್ಲಿ ಇನ್ನೊಂದಕ್ಕೆ ಸೇರುತ್ತಿದ್ದಳು. ಒಬ್ಬಳೇ ಮಗಳು, ಪಟ್ಟಿಯಲ್ಲಿ ಇಬ್ಬರು. ಇಂಥ ಕೃತಕ ವಿಳಾಸವನ್ನು ಗುರುತಿಸಲು ಒಂದು ಸುಲಭ ಉಪಾಯವಿದೆ, ವಿದ್ಯಾರ್ಥಿಗಳು ಬರೆದುಕೊಳ್ಳಿ: ಮೊದಲ ಜೋಡಿಯ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ತಯಾರಕರು ಕೊಟ್ಟ ವಿಳಾಸವಲ್ಲ, ಸಾಧನವೇ ಹುಟ್ಟಿಸಿಕೊಂಡದ್ದು.

ಇಷ್ಟರ ಮೇಲೂ ಒಂದು ಸಾಲು ಯಾವುದೆಂದು ತಿಳಿಯದಿದ್ದರೆ ಮನೆಯ ಸಾಧನಗಳನ್ನು ಒಂದೊಂದಾಗಿ ಆರಿಸಿ, ಯಾವ ಸಾಲು ಮಾಯವಾಗುತ್ತದೆ ನೋಡಿ. ನಮ್ಮ ಕಡೆಯವರಿಗೆ ಮಳೆಗಾಲದಲ್ಲಿ ಆ ಶ್ರಮವೂ ಬೇಡ. ಕರೆಂಟ್ ಹೋದಾಗ ರೂಟರ್ ಒಂದು ಇನ್ವರ್ಟರಿನಲ್ಲಿದ್ದರೆ, ಟಿವಿ, ಕ್ಯಾಮೆರಾ, ಬಲ್ಬುಗಳೆಲ್ಲ ತಾವಾಗಿಯೇ ಪಟ್ಟಿಯಿಂದ ಇಳಿದು ಹೋಗುತ್ತವೆ.

ಡೇಟಾ ತಿಂದವರು ಯಾರು ಎಂದು ಕೇಳಿದರೆ, ನಾನೇ. ಅಕ್ಕನ ಮಗಳ ನಿಕಾಹ್‌ನ ವಿಡಿಯೋಗಳನ್ನು ನನ್ನ ಫೋನು ರಾತ್ರಿಯಿಡೀ ತಾನಾಗಿ ಇಂಟರ್ನೆಟ್ಟಿಗೆ ಏರಿಸುತ್ತಿತ್ತು.

ಹಾಗಾದರೆ ಹೊರಗಿನವರ ಭಯ ಸುಳ್ಳೇ? ಸುಳ್ಳಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಒಂದು ಇ-ಮೇಲ್ ಬಂದಿತ್ತು. ಅದರ ಐಪಿ ವಿಳಾಸ ಹಿಡಿದು ಹೊರಟ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಸಾನ್‌ಪಾಡಾದಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಮೇಲ್ ಕಳಿಸಿದವರು ಅವರಲ್ಲ, ಅವರ ವೈಫೈಯನ್ನು ಬಳಸಿಕೊಂಡಿದ್ದವರು ಬೇರೆ. ಅದು ತಿಳಿಯುವವರೆಗೆ ವಿಚಾರಣೆ ಎದುರಿಸಿದ್ದು ಮಾತ್ರ ಅವರೇ. ಅದೇ ವರ್ಷ ಸೆಪ್ಟೆಂಬರಿನ ದೆಹಲಿ ಸ್ಫೋಟದ ಮೇಲ್ ಕೂಡ ಮುಂಬಯಿಯ ಚೆಂಬೂರಿನ ಒಂದು ಕಂಪನಿಯ ವೈಫೈಯಿಂದ ಹೋಗಿತ್ತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆಯ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಕಾರಣ ಸರಳ: ಒಳಗೆ ಹತ್ತು ಫೋನಿರಲಿ, ಹೊರಗಿನ ಪ್ರಪಂಚಕ್ಕೆ ಕಾಣುವುದು ಒಂದೇ ವಿಳಾಸ, ಅದು ಬಿಲ್ ಯಾರ ಹೆಸರಿನಲ್ಲಿದೆಯೋ ಅವರದು. ಒಂದು ಅಪವಾದ ಮೈಮೇಲೆ ಬಂದರೆ ಅದನ್ನು ತೊಳೆದುಕೊಳ್ಳಲು ಬಡವರ ಮನೆಯ ಮಕ್ಕಳಿಗೆ ಎಷ್ಟು ವರ್ಷ ಬೇಕಾದೀತೆಂದು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಇನ್ನು ವಿದ್ಯಾರ್ಥಿಗಳಿಗೂ ಒಂದು ಮಾತು. ಇನ್ನೊಬ್ಬರ ಜಾಲಕ್ಕೆ ಅನುಮತಿಯಿಲ್ಲದೆ, ವಂಚನೆಯ ಉದ್ದೇಶದಿಂದ ಸೇರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಕೇಳಿ ಪಡೆಯುವುದು ಬೇರೆ, ಕದ್ದು ಸೇರುವುದು ಬೇರೆ.

ಲೆಕ್ಕ ಹಾಕಿಯೂ ಒಂದು ಸಾಲು ನಿಮ್ಮದಲ್ಲವೆಂದು ಖಚಿತವಾದರೆ ಅದನ್ನು ಬ್ಲಾಕ್ ಮಾಡಿ ಸುಮ್ಮನಾಗಬೇಡಿ. ಮ್ಯಾಕ್ ವಿಳಾಸ ಬದಲಾಯಿಸುವುದು ಎಷ್ಟು ಸುಲಭವೆಂದು ಈಗಷ್ಟೇ ನೋಡಿದೆವು. ವೈಫೈಯ ಹೆಸರನ್ನು ಅಡಗಿಸಿಡುವುದೂ ವ್ಯರ್ಥ, ಬೇಕಾದವರಿಗೆ ಅದು ಸಿಗುತ್ತದೆ. ಪಾಸ್‌ವರ್ಡ್ ಬದಲಾಯಿಸುವುದೇ ದಾರಿ. ಸುರಕ್ಷತೆಯ ಬಗೆ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಇರಲಿ. ಡಬ್ಲ್ಯುಇಪಿ ಎಂದಿದ್ದರೆ ಅದರ ಬೀಗ 2001ರಲ್ಲೇ ಮುರಿದುಹೋಗಿದೆ. ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನು ಆರಿಸಿಬಿಡಿ. ಅದರ ಎಂಟು ಅಂಕಿಯ ಪಿನ್ನನ್ನು ರೂಟರ್ ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ, ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬೀಳುತ್ತದೆಂದು 2011ರಲ್ಲೇ ಬಯಲಾಗಿದೆ. ರೂಟರಿನ ಪುಟಕ್ಕೆ, ಕ್ಯಾಮೆರಾಕ್ಕೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೂ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಪ್ರಪಂಚದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಅಂಥ ಪಾಸ್‌ವರ್ಡುಗಳಿಂದಲೇ. ಆದರೆ ನನ್ನ ಅನುಭವದಲ್ಲಿ ಹಳ್ಳಿಯ ಮನೆಗಳಿಗೆ ಯಾರೂ ಬೀಗ ಮುರಿದು ಬರುವುದಿಲ್ಲ. ನಮ್ಮ ಮಕ್ಕಳೇ ಫೋನಿನಲ್ಲಿ ಕ್ಯೂಆರ್ ಚಿತ್ರ ತೋರಿಸಿ ಗೆಳೆಯರನ್ನು ಸೇರಿಸಿಕೊಂಡಿರುತ್ತಾರೆ. ಪೊಲೀಸರಂತೆ ಹುಡುಕುವ ಮೊದಲು ಊಟಕ್ಕೆ ಕೂತಾಗ ಒಮ್ಮೆ ಕೇಳಿ.

ನೆರೆಯವರಿಗೆ, ಅತಿಥಿಗಳಿಗೆ ಕೊಡಬೇಕೆಂದಿದ್ದರೆ ಈಗಿನ ಬಹುತೇಕ ರೂಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಇದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅಲ್ಲಿ ಸೇರಿದವರಿಗೆ ನಿಮ್ಮ ಲ್ಯಾಪ್‌ಟಾಪು, ಕ್ಯಾಮೆರಾ ಸಾಮಾನ್ಯವಾಗಿ ಸಿಗುವುದಿಲ್ಲ. ಕೊಟ್ಟವರ ಹೆಸರು ಬರೆದಿಡಿ. ಹೊರಗೆ ಹೋಗುವ ಐಪಿ ವಿಳಾಸ ಆಗಲೂ ನಿಮ್ಮದೇ ಎಂಬುದು ನೆನಪಿರಲಿ.

ನಾನು ಅಂದು ಸಂಜೆಯೇ ಗೆಸ್ಟ್ ನೆಟ್‌ವರ್ಕ್ ಮಾಡಿ, ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಂಡು ಕೆಳಗಿನ ಮನೆಗೆ ಇಳಿದು ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಲೈನ್ ಸರಿ ಇಲ್ಲವೆಂದದ್ದು ಸುಳ್ಳೆಂದೂ ಹೇಳಿದೆ. ಪರೀಕ್ಷೆಯ ವಿಷಯ ತಿಳಿದದ್ದು ಆಗ, ಅವನ ತಾಯಿಯ ಬಾಯಿಂದ. ಅವನ ಕಾಲೇಜಿಗೆ ನಾನೊಂದು ಪತ್ರ ಬರೆದೆ, ಅವರು ಇನ್ನೊಂದು ಅವಕಾಶ ಕೊಟ್ಟರು. ಆದರೆ ಅವನು ಮತ್ತೆ ನಮ್ಮ ಜಗಲಿಗೆ ಬರಲಿಲ್ಲ. ಚೀಟಿ ತೆಗೆದುಕೊಂಡ, ತನ್ನ ಅಂಗಳದಲ್ಲೇ ಕೂತು ಓದಿದ. ಪಟ್ಟಿಯಲ್ಲಿ ಅವನ ಫೋನಿನ ಸಾಲು ಡಿಸೆಂಬರ್ ತನಕ ಕಾಣಿಸುತ್ತಿತ್ತು.

ನಿಮ್ಮ ಮನೆಯ ರೂಟರಿನ ಬೆನ್ನಿನ ಚೀಟಿಯ ಫೋಟೋ ತರಲು ಮೊದಲೇ ತಿಳಿಸಿದ್ದೆ. ತಂದವರು ಚಹಾ ಕುಡಿದು ಹಿಂದಿನ ಬೆಂಚಿನ ಹತ್ತಿರ ಬನ್ನಿ, ಆ ಚೀಟಿ ಓದುವುದು ಹೇಗೆಂದು ಒಬ್ಬೊಬ್ಬರಿಗೇ ತೋರಿಸುತ್ತೇನೆ. ಆ ಫೋಟೋವನ್ನು ಮಾತ್ರ ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ, ಅದರಲ್ಲಿ ನಿಮ್ಮ ಪಾಸ್‌ವರ್ಡ್ ಇದೆ.